ಗೋಡೆ ಮೇಲಿನ ಕುಣಿತ ಮತ್ತು ನಮ್ಮೂರ ಸುಗ್ಗಿ

ಮೂಡಿಗೆರೆ ಹತ್ತಿರದ ನಮ್ಮೂರ ಶಾಲೆಯ ಗೋಡೆಗೆ ಹೋದ ವರ್ಷ ವರ್ಲಿ ಚಿತ್ರ ಬರೆದೆ. ಆಯ್ದುಕೊಂಡದ್ದು ತಾರ್ಪಾ ಕುಣಿತ. ಒಣಗಿದ ಸೋರೆಬುರುಡೆ, ಬಿದಿರು ಸೇರಿಸಿ ಮಾಡಿದ ತಾರ್ಪಾ ಅನ್ನೋ ವಾದ್ಯ ಊದುವವನು ನಡುವೆ, ಕೈ ಹಿಡಿದುಕೊಂಡ ಜನ ಅವನ ಸುತ್ತ ಸುರುಳಿಯಾಗಿ. ಅವನು ತಿರುಗಿದ ಕಡೆ ಸಾಲೂ ತಿರುಗುತ್ತದೆ, ಯಾರೂ ಅವನಿಗೆ ಬೆನ್ನು ಹಾಕುವುದಿಲ್ಲ. ಮಹಾರಾಷ್ಟ್ರದ ಪಾಲ್ಘರ್ ಕಡೆಯ ವರ್ಲಿ ಜನರ ಕಲೆ ಇದು. ಗೋಡೆಯಲ್ಲಿದ್ದ ಚಿತ್ರವನ್ನು ಕಾಗದ, ಬಟ್ಟೆಗೆ ತಂದು ಜಗತ್ತಿಗೆ ತೋರಿಸಿದ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು.

ವರ್ಲಿ ಜನರ ರೀತಿಯಲ್ಲೇ ಮಾಡಬೇಕು ಅಂತ ಕೆಮ್ಮಣ್ಣು, ಸಗಣಿ ಬಳಿದು, ಅಕ್ಕಿಹಿಟ್ಟಿಗೆ ಗೋಂದು ಕಲಸಿ, ಬಿದಿರುಕಡ್ಡಿಯ ತುದಿ ಜಗಿದು ನಾರು ಬಿಡಿಸಿ ಬರೆದೆ. ನಮ್ಮ ಮಳೆಗಾಲ ಗೊತ್ತಲ್ವಾ? ಆಗಸ್ಟ್ ಹೊತ್ತಿಗೆ ಪೂರ್ತಿ ಬೂಷ್ಟು. ಕೆರೆದು ತೆಗೆದು, ಬಿಸಿಲು ಬಂದ ಮೇಲೆ ಸುಣ್ಣದಲ್ಲಿ ಮತ್ತೆ ಶುರು ಮಾಡಿದೆ.

ಆಗಲೇ ಶಾಲೆ ಪಕ್ಕದ ಮನೆಯ ಅಜ್ಜ ಬಂದು ನಿಂತದ್ದು. ಸುಮಾರು ಹೊತ್ತು ನೋಡಿ, "ಇವ್ರೆಲ್ಲ ಯಾವ ಬೆಳೆ ಕೊಯ್ದು ಕುಣೀತಿದ್ದಾರಪ್ಪ?" ಅಂದರು. ಅಷ್ಟು ವರ್ಷದಿಂದ ಈ ಚಿತ್ರ ಬರೆಯುತ್ತಿದ್ದೇನೆ, ಒಬ್ಬರೂ ಇದನ್ನು ಕೇಳಿರಲಿಲ್ಲ. ಭತ್ತ ಅಜ್ಜ, ಅಂದೆ. "ಹಂಗಾದ್ರೆ ನಮ್ ಸುಗ್ಗಿ ಇದ್ದಂಗೇ ಆಯ್ತಲ್ಲೋ" ಅಂತ ಜಗಲಿ ಮೇಲೆ ಕೂತರು.

ನಮ್ಮಲ್ಲಿ ಸುಗ್ಗಿಗೆ ಸಾರು ಹಾಕಿದ ಮೇಲೆ, ಅಂದರೆ ಹಬ್ಬ ಶುರು ಅಂತ ಊರಿಗೆಲ್ಲ ಸಾರಿದ ಮೇಲೆ, ಅದು ಮುಗಿಯುವ ತನಕ ಹಸಿ ಮರ ಕಡಿಯುವಂತಿಲ್ಲ. ಚಿಕ್ಕಂದಿನಿಂದ ಕೇಳಿದ ಕಟ್ಟಳೆ, ನನಗೆ ಅದು ದೇವರ ಭಯ ಅಷ್ಟೇ ಆಗಿತ್ತು. ಅಜ್ಜ ಹೇಳಿದ್ದು ಬೇರೆ. ಮರ ಚಿಗುರುವ ಕಾಲ, ಹಕ್ಕಿ ಗೂಡು ಕಟ್ಟುವ ಕಾಲ, ಆಗ ಕತ್ತಿ ಕೆಳಗಿಡಬೇಕು, ಅದನ್ನ ಊರಿಗೆಲ್ಲ ನೆನಪು ಮಾಡೋಕೇ ಸುಗ್ಗಿ ಕುಣಿತ ಅಂದರು. ಅಂದರೆ ಹೆಜ್ಜೆಯಲ್ಲೇ ಪಂಚಾಂಗ ಇದೆ. ಅದನ್ನು ತಿಳಿಯದೆ ಸುಮ್ನೆ ಚೆಂದಕ್ಕೆ ಆ ಸುರುಳಿ ಬರೆಯುವುದು ಈಗ ನನಗೆ ಆಗುವುದಿಲ್ಲ. ಯಾರ ಕುಣಿತ, ಯಾವ ಕಾಲದ್ದು ಅಂತ ಗೋಡೆಯ ಮೂಲೆಯಲ್ಲಿ ಬರೆದೇ ಬರೆಯುತ್ತೇನೆ.

ಉಳಿದರ್ಧ ಗೋಡೆಗೆ ನಮ್ಮ ಸುಗ್ಗಿ ಬಂತು. ವರ್ಲಿಯಲ್ಲಿ ಮನುಷ್ಯರಿಗೆ ಬರೆಯುವ ತ್ರಿಕೋನದ ಮೈ ಬಳಸಲಿಲ್ಲ, ಅದು ಅವರದ್ದು. ಅಜ್ಜ ಕೋಲಿನಿಂದ ಅಂಗಳದ ಮಣ್ಣಲ್ಲಿ ಕುಣಿತದ ಸುತ್ತು ಗೀರಿ ತೋರಿಸಿದರು, ನಾನು ನೋಡಿಕೊಂಡು ಬರೆದೆ. ಹಿಂದೆ ದೇವರ ಬನ, ಅದರಲ್ಲೊಂದು ಕಾಡುಮಾವು, ತುಂಬಾ ಹಳದಿ ಹಣ್ಣು. ಅಜ್ಜ ಹತ್ತಿರ ಬಂದು ಒಂದು ಹಣ್ಣಿನ ಮೇಲೆ ಬೆರಳಿಟ್ಟರು. "ಸುಗ್ಗಿ ಹೊತ್ತಿಗೆ ಹಣ್ಣೆಲ್ಲಿ ಬಂತೋ? ಮಿಡಿ ಬರಿ."

ಹಳದಿ ಒರೆಸಿ ಮಿಡಿ ಬರೆದೆ.