ಗಿರಿಯೇರುವ ಜೀಪು: ಹತ್ತುವ ಮುನ್ನ, ಹತ್ತಿದ ಮೇಲೆ

ಮೊದಲೇ ಹೇಳಿಬಿಡೋಣ: ಮುಳ್ಳಯ್ಯನಗಿರಿಗೆ ಜೀಪು ಬೇಡ. 1,930 ಮೀಟರ್ ಎತ್ತರದ ಅದು ರಾಜ್ಯದಲ್ಲೇ ದೊಡ್ಡ ಶಿಖರ, ನಿಜ. ಆದರೆ ಮೆಟ್ಟಿಲು ಶುರುವಾಗುವ ಜಾಗದ ಹತ್ತಿರದವರೆಗೂ ಡಾಂಬರಿದೆ. ಬಾಬಾಬುಡನ್‌ಗಿರಿಗೂ ಅಷ್ಟೆ. ಅಲ್ಲಿಗೆ ಹೋಗುವವರ ಚಿಂತೆ ಬೇರೆ: ಗಿರಿ ಭಾಗಕ್ಕೆ ಬರುವ ವಾಹನಗಳಿಗೆ ಚಿಕ್ಕಮಗಳೂರು ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದಿದೆ. ಅದನ್ನು ಮಾಡಿಸದೆ ಕೈಮರ ಚೆಕ್‌ಪೋಸ್ಟ್‌ವರೆಗೆ ಹೋಗಿ ವಾಪಸ್ ಬರುವುದು ಯಾರಿಗೆ ಬೇಕು? ಜೀಪಿನ ಮಾತು ಶುರುವಾಗುವುದು ಡಾಂಬರು ಮುಗಿದ ಮೇಲೆ.

ಎಲ್ಲಿಗೆ, ಯಾವಾಗ

ಹೊಸಬರಿಗೆ ಅತ್ತಿಗುಂಡಿ ಬಳಿಯ ಝರಿ ಫಾಲ್ಸ್ ಸರಿಯಾದ ಆರಂಭ. ಮೇಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಊರಿನವರ ಜೀಪು ಹತ್ತಿ, ಕಾಫಿ ತೋಟದ ನಡುವಿನ ಕಲ್ಲುಹಾದಿಯಲ್ಲಿ ಇಳಿದು ಹೋಗುವುದು. ಹಾದಿ ಚಿಕ್ಕದು. ಮೈಕೈಗೆ ಜೀಪಿನ ಕುಲುಕಾಟ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲೇ ಗೊತ್ತಾಗುತ್ತದೆ. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿ ಇದಕ್ಕಿಂತ ಕಡಿದು. ಅಲ್ಲಿಗೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್‌ವೀಲ್ ಗಾಡಿ ಬಿಟ್ಟು ಬೇರೆ ತರುವುದೇ ಬೇಡ. ಕುದುರೆಮುಖ ಚಾರಣಕ್ಕೆ ಹೋಗುವವರು ಕಳಸದ ಕಡೆಯ ಬಾಳೆಗಲ್‌ನಿಂದ ಮುಳ್ಳೋಡಿವರೆಗೆ ಜೀಪಿನಲ್ಲೇ ಸಾಗುತ್ತಾರೆ. ಹಾಸನ ಜಿಲ್ಲೆಯವರಿಗೆ ಸಕಲೇಶಪುರ ತಾಲ್ಲೂಕಿನ ವನಗೂರು ಬಳಿ ಪಟ್ಲ ಬೆಟ್ಟವಿದೆ. ಹೆಬ್ಬೆ ಜಲಪಾತ ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ವ್ಯವಸ್ಥೆಯೇ ದಾರಿ. ಜೀಪಿಳಿದ ಮೇಲೂ ಹಳ್ಳ ದಾಟಿ ನಡೆಯುವುದಿದೆ.

ದಿನಕ್ಕೊಂದು ಬೆಟ್ಟ ಸಾಕು. ನಕ್ಷೆಯಲ್ಲಿ 8 ಕಿಲೋಮೀಟರ್ ಎಂದರೆ ಕಲ್ಲುಹಾದಿಯಲ್ಲಿ ಮುಕ್ಕಾಲು ಗಂಟೆ. ಮೂರು ಜಾಗ ತೋರಿಸುತ್ತೇವೆ ಎನ್ನುವ ಪ್ಯಾಕೇಜು ಒಪ್ಪಿಕೊಂಡರೆ ಮೂರನೆಯದನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೇಲ್ಮಣ್ಣು ಸಾಬೂನಿನಂತೆ ಜಾರುತ್ತದೆ, ಹಳ್ಳಗಳು ಗಂಟೆಗೊಂದು ಮಟ್ಟದಲ್ಲಿ ಹರಿಯುತ್ತವೆ, ಎಷ್ಟೋ ಜಾಗಗಳಿಗೆ ಪ್ರವೇಶವನ್ನೇ ನಿಲ್ಲಿಸುತ್ತಾರೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಗುಡುಗುಮಳೆಯದೇ ಲೆಕ್ಕ; ಊಟದ ಹೊತ್ತಿಗೆ ಕೆಳಗಿಳಿದಿರಬೇಕು. ಯಾವ ಕಾಲವಾದರೂ ಜೋರು ಮಳೆ ಬಂದ ಮಾರನೆಯ ದಿನ ಬಿಟ್ಟು, ಒಂದು ದಿನ ಬಿಸಿಲು ಬಿದ್ದ ಮೇಲೆ ಹೊರಡಿ.

ಗಾಡಿ ಆರಿಸುವುದು

ಜೀಪೆಂದು ಕಂಡದ್ದೆಲ್ಲ ಬೆಟ್ಟದ ಜೀಪಲ್ಲ. ಹಳೆಯ ಮಹೀಂದ್ರಗಳಲ್ಲಿ ಬರೀ ಹಿಂದಿನ ಚಕ್ರಕ್ಕೆ ಬಲ ಹೋಗುವ ಟೂವೀಲ್ ಗಾಡಿಗಳು ಬೇಕಾದಷ್ಟಿವೆ. ಹೊರಗಿನಿಂದ ನೋಡಿದರೆ ಒಂದೇ ಥರ. ಮುಂದಿನ ಸೀಟಿನ ಹತ್ತಿರ ಬಗ್ಗಿ ನೋಡಿ: ಗೇರ್ ಕೋಲಿನ ಪಕ್ಕ ಇನ್ನೊಂದು ಸಣ್ಣ ಕೋಲು ಇರಬೇಕು. ಅದರ ತಲೆಯ ಮೇಲೆ 2ಎಚ್, 4ಎಚ್, 4ಎಲ್ ಎಂದು ಬರೆದಿರುತ್ತದೆ, ಅಥವಾ ಬರೆದದ್ದು ಸವೆದು ಹೋಗಿರುತ್ತದೆ. ಅಂಕೆ ಬಲ ಹೋಗುವ ಚಕ್ರಗಳ ಲೆಕ್ಕ; ಎಚ್ ಎಂದರೆ ಮಾಮೂಲಿ ಓಟ, ಎಲ್ ಎಂದರೆ ನಿಧಾನದ ಎಳೆತ. 4ಎಲ್‌ಗೆ ಹಾಕಿದರೆ ಗಾಡಿಯ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಏರುತ್ತದೆ. ಕಡಿದಾದ ಏರಿಗೂ ಇಳಿಜಾರಿಗೂ ಬೇಕಾದ್ದು ಇದೇ.

ಹಳೆಯ ಗಾಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂದಿನ ಎರಡೂ ಚಕ್ರಗಳ ನಡುಮಧ್ಯೆ ಕೈಯಿಂದ ತಿರುಗಿಸುವ ಹಬ್ ಇರುತ್ತದೆ; ಅದನ್ನು ‘ಫ್ರೀ’ಯಿಂದ ‘ಲಾಕ್’ಗೆ ತರಬೇಕು. ತರದಿದ್ದರೆ ಒಳಗೆ ಕೋಲು ಎಳೆದರೂ ಮುಂದಿನ ಚಕ್ರಕ್ಕೆ ಬಲ ಹೋಗದು. ಒಂದು ಕಡೆ ಮಾತ್ರ ಲಾಕ್ ಮಾಡಿ ಇನ್ನೊಂದನ್ನು ಮರೆತರೂ ಅದೇ ಪಾಡು, ಬಲವೆಲ್ಲ ಫ್ರೀ ಇರುವ ಕಡೆ ಸುಮ್ಮನೆ ತಿರುಗಿ ಪೋಲಾಗುತ್ತದೆ. ಏರು ಶುರುವಾಗುವ ಮುನ್ನ ‘ಅಣ್ಣಾ, ಹಬ್ ಎರಡೂ ಲಾಕ್ ಆಗಿದ್ಯಾ?’ ಎಂದು ಕೇಳಿದರೆ ಡ್ರೈವರ್ ಬೇಸರಪಡುವುದಿಲ್ಲ. ವಿಷಯ ಗೊತ್ತಿರುವ ಗಿರಾಕಿ ಎಂದು ಇನ್ನಷ್ಟು ಮಾತಿಗಿಳಿಯುತ್ತಾರೆ.

ಟೈರಿನ ಗ್ರಿಪ್ ನೋಡಿ, ಸ್ಟೆಪ್ನಿಯದ್ದೂ ನೋಡಿ. ಬೋಳು ಸ್ಟೆಪ್ನಿ ಕಟ್ಟಿಕೊಂಡು ಬರುವುದು ನಮ್ಮ ಕಡೆಯ ಹಳೇ ಚಾಳಿ. ಹ್ಯಾಂಡ್‌ಬ್ರೇಕನ್ನು ಸಣ್ಣ ಏರಿನಲ್ಲಿ ಒಮ್ಮೆ ಎಳೆದು ತೋರಿಸಲು ಹೇಳಿ. ಅದು ಹಿಡಿಯದ ಗಾಡಿಯನ್ನು ಬೆಟ್ಟಕ್ಕೆ ಒಯ್ಯಬಾರದು, ಡ್ರೈವರ್ ಎಷ್ಟೇ ಪಳಗಿದವರಾಗಿರಲಿ.

ನಂಬರ್ ಪ್ಲೇಟ್ ಹಳದಿಯಾಗಿರಲಿ. ಬಿಳಿ ಬೋರ್ಡಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಆದರೆ ಪಾಲಿಸಿಯ ಷರತ್ತು ಮುರಿದಿದೆ ಎಂದು ವಿಮೆಯವರು ತಕರಾರು ತೆಗೆಯುತ್ತಾರೆ. ಹಳದಿ ಬೋರ್ಡಿಗೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಇರಲೇಬೇಕು: 8 ವರ್ಷದೊಳಗಿನ ಗಾಡಿಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬೆಟ್ಟದ ಜೀಪುಗಳಲ್ಲಿ ಬಹುಪಾಲು ಈ ಎರಡನೇ ಗುಂಪಿನವು.

ಬಾಡಿಗೆ ಮಾತಾಡುವಾಗ ತಲೆಗಿಷ್ಟೋ ಗಾಡಿಗಿಷ್ಟೋ, ಕಾಯುವ ಹೊತ್ತು ಎಷ್ಟು, ಪ್ರವೇಶ ಶುಲ್ಕ ಯಾರದ್ದು, ಅರ್ಧ ದಾರಿಯಲ್ಲಿ ಮಂಜೋ ಮಳೆಯೋ ಬಂದು ತಿರುಗಿದರೆ ಏನು ಕೊಡಬೇಕು, ಇಷ್ಟನ್ನು ಕೆಳಗೇ ಇತ್ಯರ್ಥ ಮಾಡಿಕೊಳ್ಳಿ. ಕೊನೆಯದು ಮುಖ್ಯ. ತಿರುಗಿ ಬಂದರೆ ಕಾಸಿಲ್ಲ ಎಂದು ಗೊತ್ತಿದ್ದರೆ ಡ್ರೈವರ್ ತಿರುಗುವುದಿಲ್ಲ.

ಕೂರುವ ಕ್ರಮ

ಆರ್‌ಸಿಯಲ್ಲಿ ಬರೆದಷ್ಟೇ ಜನ. ಹಿಂದೆ ಇನ್ನಿಬ್ಬರನ್ನು ತುರುಕಿದರೆ ಆಗುವುದು ಬರೀ ಇಕ್ಕಟ್ಟಲ್ಲ: ಭಾರ ಹಿಂದಿನ ಆಕ್ಸಲ್‌ನಿಂದಾಚೆ ಬಿದ್ದು, ಕಡಿದಾದ ಏರಿನಲ್ಲಿ ಮೂತಿ ಹಗುರವಾಗುತ್ತದೆ. ಮುಂದಿನ ಚಕ್ರ ನೆಲಕ್ಕೆ ಒತ್ತದಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಆದ್ದರಿಂದ ತೂಕದವರು ಮುಂದೆ, ಹಗುರ ಇರುವವರು ಹಿಂದೆ. ಬೆನ್ನುನೋವಿನವರು, ವಾಂತಿಯಾಗುವವರು ಡ್ರೈವರ್ ಪಕ್ಕದ ಸೀಟಿಗೆ. ಗರ್ಭಿಣಿಯರು ಈ ಸವಾರಿಯ ಆಸೆ ಬಿಡುವುದೇ ಲೇಸು. ಹಿಂದಿನ ಅಡ್ಡ ಬೆಂಚಿನಲ್ಲಿ ಕೂತವರು ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಸೀಟಿನ ಅಂಚು ಹಿಡಿದು, ಪಾದ ಅಗಲಿಸಿ ಊರಬೇಕು. ಮೊಣಕೈ ಹೊರಗೆ ಹಾಕಿದರೆ ಸಿಲ್ವರ್ ಓಕ್ ಮರ ನೆನಪಿಸುತ್ತದೆ. ಬಾನೆಟ್ ಮೇಲೆ, ಟಾಪಿನ ಮೇಲೆ ಕೂತು ಫೋಟೊ ತೆಗೆಸುವುದಾದರೆ ಇಂಜಿನ್ ಆಫ್ ಆಗಿರುವಾಗ, ಸಮತಟ್ಟಿನಲ್ಲಿ.

ಹೊಟ್ಟೆ ತುಂಬ ಕಡುಬು ತಿಂದು ಹತ್ತಬೇಡಿ. ಎರಡು ಇಡ್ಲಿ, ಕಾಫಿ ಸಾಕು. ಉಳಿದದ್ದು ಇಳಿದ ಮೇಲೆ.

ಹಾದಿಯಲ್ಲಿ ನಡೆಯುವುದೇನು

ಡ್ರೈವರ್ ಯಾವಾಗ ಏನು ಮಾಡುತ್ತಿದ್ದಾರೆ ಎಂಬುದು ತಿಳಿದಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ, ತಪ್ಪು ಮಾಡುತ್ತಿದ್ದರೆ ಗೊತ್ತೂ ಆಗುತ್ತದೆ.

ಮಣ್ಣಿನ ಹಾದಿ ಸಿಕ್ಕ ಕೂಡಲೇ ಒಳ್ಳೆಯ ಡ್ರೈವರ್ ಟೈರಿನ ಗಾಳಿ ಸ್ವಲ್ಪ ಬಿಡುತ್ತಾರೆ: ಸಾಮಾನ್ಯವಾಗಿ 30 ಪಿಎಸ್‌ಐ ಇರುವುದನ್ನು 20–22ಕ್ಕೆ. ಟೈರು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಚೂಪುಗಲ್ಲಿನ ಹಾದಿಯಲ್ಲಂತೂ ಹೆಚ್ಚು ಗಾಳಿ ಬಿಡಬಾರದು, ಉಬ್ಬಿದ ಪಕ್ಕೆ ಸೀಳುತ್ತದೆ. ಕೆಸರಿನ ದಿನಗಳಲ್ಲಿ ಎಸ್ಟೇಟ್ ಜೀಪುಗಳ ಚಕ್ರಕ್ಕೆ ಚೈನ್ ಸುತ್ತುವುದೂ ಉಂಟು.

ದೊಡ್ಡ ಕಲ್ಲು ಎದುರಾದರೆ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟೋಣ ಎನಿಸುತ್ತದೆ. ಮಾಡಬೇಕಾದ್ದು ಉಲ್ಟಾ: ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸಬೇಕು. ಜೀಪಿನ ಹೊಟ್ಟೆಯಡಿ ಎಲ್ಲಕ್ಕಿಂತ ತಗ್ಗಾಗಿ ನೇತಾಡುವುದು ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗುಂಡು. ಕಲ್ಲು ನಡುವೆ ಬಂದರೆ ಒಡೆಯುವುದು ಅದೇ. ಮಳೆನೀರು ಕೊರೆದ ಕೊರಕಲಿನಲ್ಲೂ ಹಾಗೆ, ಚಕ್ರ ಕೊರಕಲಿನೊಳಗೆ ಇಳಿಯದೆ ಎರಡೂ ಬದಿಯ ದಿಣ್ಣೆಯ ಮೇಲೆ ಸಾಗಬೇಕು. ಇಂಥ ಕಡೆ ಡ್ರೈವರ್ ಸ್ಟೇರಿಂಗಿನ ಒಳಗೆ ಹೆಬ್ಬೆರಳು ತೂರಿಸಿ ಹಿಡಿಯುವುದಿಲ್ಲ, ಗಮನಿಸಿ. ಕಲ್ಲಿಗೆ ಬಡಿದ ಚಕ್ರ ಸ್ಟೇರಿಂಗನ್ನು ಗಿರ್ರನೆ ತಿರುಗಿಸಿದರೆ ಬೆರಳೇ ಮುರಿದೀತು.

ಏರಿನ ಮಧ್ಯೆ ಗಾಡಿ ನಿಂತುಬಿಟ್ಟರೆ ಹೊಸಬರು ಮಾಡುವ ತಪ್ಪು, ಅಲ್ಲೇ ಅಡ್ಡಕ್ಕೆ ತಿರುಗಿಸಲು ಹೋಗುವುದು. ಜೀಪು ಮಗುಚುವುದು ಹೀಗೆ. ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಹತ್ತಿದ ಗೆರೆಯಲ್ಲೇ ನೇರ ಹಿಂದಕ್ಕೆ ಇಳಿದು ಮತ್ತೆ ಪ್ರಯತ್ನಿಸಬೇಕು. ಇಳಿಜಾರಿನ ಸೂತ್ರವೂ ಕ್ಲಚ್ಚಿನದ್ದೇ: 4ಎಲ್, ಮೊದಲ ಅಥವಾ ಎರಡನೇ ಗೇರ್, ಕಾಲು ಕ್ಲಚ್ಚಿನಿಂದ ದೂರ. ಗಾಡಿಯನ್ನು ಇಂಜಿನ್ನೇ ಹಿಡಿದಿಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಬ್ರೇಕಿನ ಮೇಲೇ ಇಳಿಸಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ಆ ವಾಸನೆ ಮೂಗಿಗೆ ಬಡಿದರೆ ಮುಜುಗರ ಬಿಟ್ಟು ‘ಸ್ವಲ್ಪ ನಿಲ್ಸಿ ಅಣ್ಣಾ’ ಎನ್ನಿ.

ಎದುರು ಗಾಡಿ ಬಂದರೆ ಹತ್ತುವವರಿಗೆ ಮೊದಲ ದಾರಿ. ಇಳಿಯುವವರು ಬದಿಗೆ ನಿಲ್ಲಬೇಕು. ಇದು ಘಾಟಿಯ ಮರ್ಯಾದೆಯಷ್ಟೇ ಅಲ್ಲ, ರಸ್ತೆ ನಿಯಮವೂ ಹೌದು.

ಹಳ್ಳ ದಾಟುವ ಮುನ್ನ ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು. ನೀರು ಮೊಣಕಾಲಿಗಿಂತ ಕೆಳಗಿದ್ದು, ತಳ ಗಟ್ಟಿಯಿದ್ದು, ಸೆಳೆತ ಇಲ್ಲದಿದ್ದರೆ ಮಾತ್ರ ಗಾಡಿ ಇಳಿಸುವುದು. ನಡುವೆ ಗೇರ್ ಬದಲಿಸದೆ ಒಂದೇ ಸಮ ಹೋಗಬೇಕು. ರಭಸದಿಂದ ನುಗ್ಗಿದರೆ ವಿಡಿಯೊ ಚೆನ್ನಾಗಿ ಬರುತ್ತದೆ, ಆದರೆ ಅಲೆ ಎದ್ದು ಗಾಳಿ ಎಳೆಯುವ ಕೊಳವೆಗೆ ನೀರು ಹೊಕ್ಕರೆ ಇಂಜಿನ್ ಒಳಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲವಲ್ಲ. ದಾಟಿದ ಮೇಲೆ ನಾಲ್ಕಾರು ಸಲ ಬ್ರೇಕ್ ತುಳಿದು ಒಣಗಿಸಿಕೊಂಡೇ ಮುಂದಿನ ಏರು.

ಹೂತಾಗ

ಚಕ್ರ ಸುಮ್ಮನೆ ತಿರುಗತೊಡಗಿದರೆ ಆಕ್ಸಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಎಲ್ಲರೂ ಇಳಿಯಿರಿ, ಇಳಿಜಾರಿನ ಕೆಳಬದಿಗಲ್ಲ, ಮೇಲುಬದಿಗೆ. ಚಕ್ರದ ಮುಂದಿನ ಕೆಸರು ಕೆತ್ತಿ, ಗೋಣಿಚೀಲ, ಒಣ ಕೊಂಬೆ, ಚಪ್ಪಟೆ ಕಲ್ಲು ಹಾಕಿ, ಸ್ಟೇರಿಂಗ್ ನೇರ ಇಟ್ಟು ಮೆಲ್ಲಗೆ ಎಬ್ಬಿಸಬೇಕು. ತಳ್ಳುವವರು ಮೂಲೆಗಳಲ್ಲಿ ನಿಲ್ಲಲಿ, ನೇರ ಹಿಂದೆ ಯಾರೂ ಬೇಡ. ಇನ್ನೊಂದು ಜೀಪಿನಿಂದ ಎಳೆಸುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಸರಿಯಿರಿ. ಕಬ್ಬಿಣದ ರೋಪು ತುಂಡಾದರೆ ಚಾಟಿಯಂತೆ ಬೀಸುತ್ತದೆ. ಅದರ ಮಧ್ಯೆ ಒಂದು ಒದ್ದೆ ಗೋಣಿಯೋ ಕಂಬಳಿಯೋ ಹೊದಿಸಿದರೆ ಆ ಬೀಸು ತಗ್ಗುತ್ತದೆ.

ಹುಲ್ಲು, ಆನೆ, ಇಂಬಳ

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರುವ ಚಂದ್ರದ್ರೋಣ ಸಾಲಿನ ನೆತ್ತಿಗಳನ್ನು ಮುಂಜಾನೆ ನೋಡಿ: ಕೆಳಗೆಲ್ಲ ಮಂಜಿನ ಸಮುದ್ರ, ಮೇಲೆ ಹಸಿರು ನಡುಗಡ್ಡೆಗಳು. ಜೀವವಿಜ್ಞಾನಿಗಳು ಪಶ್ಚಿಮ ಘಟ್ಟದ ಇಂಥ ಎತ್ತರದ ಜಾಗಗಳನ್ನು ಆಕಾಶ ದ್ವೀಪಗಳೆಂದೇ ಕರೆಯುತ್ತಾರೆ, ಅಲ್ಲಿನ ಗಿಡ, ಕಪ್ಪೆಗಳಿಗೆ ಕೆಳಗಿಳಿದು ಬದುಕುವ ದಾರಿಯಿಲ್ಲದ್ದರಿಂದ. 2022ರಲ್ಲಿ ನೀಲಕುರಿಂಜಿ ಅರಳಿದ್ದು ಈ ಹುಲ್ಲಿನ ನಡುವೆಯೇ. 12 ವರ್ಷ ಬೆಳೆದು ಒಮ್ಮೆ ಹೂಬಿಟ್ಟು ಸಾಯುವ ಗಿಡ. ಜೀಪು ಹಾದಿ ಬಿಟ್ಟು ಹುಲ್ಲಿಗೆ ಇಳಿದರೆ ಟೈರಿನ ಎರಡು ಗೆರೆ ಮುಂದಿನ ಮಳೆಗೆ ಎರಡು ಕಾಲುವೆಯಾಗುತ್ತವೆ, ಅದರ ಮುಂದಿನ ಮಳೆಗೆ ಗುಡ್ಡ ಜರಿಯುತ್ತದೆ. ‘ಇನ್ನೂ ಸ್ವಲ್ಪ ಮೇಲೆ ಹತ್ಸಿ’ ಎಂದು ಡ್ರೈವರನ್ನು ಹುರಿದುಂಬಿಸುವವರು ಹೆಚ್ಚಾಗಿ ಹಿಂದಿನ ಬೆಂಚಿನಲ್ಲಿರುತ್ತಾರೆ. ಅಲ್ಲಿಂದ ಇಳಿದು ನಡೆದರಾಯಿತು.

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ತೋಟದೊಳಗೇ ಇರುತ್ತದೆ. ಹೊರಡುವ ಮುನ್ನ ಹೋಮ್‌ಸ್ಟೇಯವರಲ್ಲಿ ಆನೆ ಎಲ್ಲಿದೆ ಎಂದು ವಿಚಾರಿಸಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಕೊಡುವ ಸೂಚನೆ ಅವರಿಗೆ ಬಂದಿರುತ್ತದೆ. ಎದುರಾದರೆ ಹಾರ್ನ್ ಬೇಡ, ಇಂಜಿನ್ ಆಫ್ ಮಾಡುವುದೂ ಬೇಡ, ನಿಧಾನ ಹಿಂದಕ್ಕೆ. ಸಂಜೆ ಐದಕ್ಕೆ ಡಾಂಬರು ಮುಟ್ಟಿರಿ.

ಒದ್ದೆ ದಿನಗಳಲ್ಲಿ ಇಂಬಳಕ್ಕೆ ಉಪ್ಪಿನ ಪುಟ್ಟ ಗಂಟು ಜೇಬಿನಲ್ಲಿರಲಿ. ಹತ್ತಿದರೆ ಕಿತ್ತೆಳೆಯದೆ ಉಪ್ಪು ಮುಟ್ಟಿಸಿ. ಡಿಸೆಂಬರ್‌ನಿಂದ ಮೇವರೆಗೆ ಚಿಂತೆ ಉಣುಗಿನದು, ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಒಣ ತರಗೆಲೆಯ ಮೇಲೆ ಕೂರಬೇಡಿ, ಉದ್ದ ಪ್ಯಾಂಟನ್ನು ಸಾಕ್ಸ್‌ನೊಳಗೆ ತೂರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ.

ಡಾಂಬರು ಮುಟ್ಟಿದ ಮೇಲೆ

ಇಳಿದು ಕೈಕಾಲು ಚಾಚುವ ಹೊತ್ತಿಗೆ ಡ್ರೈವರ್ ಮಾಡಬೇಕಾದ ಕೆಲಸ ಇನ್ನೂ ಇದೆ. ಕೋಲು 2ಎಚ್‌ಗೆ ಬರಬೇಕು, ಹಬ್ ಫ್ರೀ ಆಗಬೇಕು. ಮಣ್ಣಿನಲ್ಲಾದರೆ ಚಕ್ರ ಅಷ್ಟಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಎಡೆಯಿಲ್ಲ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳ ಎಳೆದಾಟಕ್ಕೆ ಶಾಫ್ಟುಗಳು ತಿರುಚಿಕೊಂಡು ಸ್ಟೇರಿಂಗ್ ಕಲ್ಲಾಗುತ್ತದೆ. ಬಿಟ್ಟ ಗಾಳಿಯನ್ನು ಸಿಕ್ಕ ಮೊದಲ ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿಕೊಳ್ಳಬೇಕು, ಅಲ್ಲಿಯವರೆಗೆ ವೇಗ 40 ದಾಟಬಾರದು. ಟೈರಿನ ಪಕ್ಕೆಯನ್ನು ಒಮ್ಮೆ ಕೈಯಾಡಿಸಿ ನೋಡಿ ಸೀಳಿಲ್ಲವೆಂದು ಖಾತ್ರಿಯಾದ ಮೇಲೆ ಗಾಡಿ ಹೊರಡಲಿ.