ಆಸ್ಪತ್ರೆಯಿಂದ ಮರಳಿದ ಕೂಸಿಗೆ ಉಣಿಸುವುದು ಹೇಗೆ?

ನ್ಯುಮೋನಿಯಾಕ್ಕೋ ವಾಂತಿಭೇದಿಗೋ ಆಸ್ಪತ್ರೆ ಸೇರಿ, ಹಲವು ದಿನ ಮೂಗಿನ ನಳಿಕೆಯಿಂದಲೇ ಹಾಲು ಪಡೆದು ಮನೆಗೆ ಮರಳಿದ ಒಂದೆರಡು ವರ್ಷದ ಮಗು ಚಮಚ ಕಂಡೊಡನೆ ಮುಖ ತಿರುಗಿಸುವುದು ಸಹಜ. ದಾವಣಗೆರೆಯ ಮಕ್ಕಳ ವಾರ್ಡೊಂದರಲ್ಲಿ ಶುಶ್ರೂಷಕಿಯಾಗಿದ್ದ ವರ್ಷಗಳಲ್ಲಿ, ಬಿಡುಗಡೆಯಾಗಿ ವಾರ ತುಂಬುವುದರೊಳಗೆ ಅದೇ ಕೆಮ್ಮು, ಅದೇ ಏದುಸಿರಿನೊಂದಿಗೆ ವಾಪಸು ಬಂದ ಮಕ್ಕಳನ್ನು ನಾನು ಕಂಡಿದ್ದೇನೆ. ಏನಾಯಿತೆಂದು ಕೇಳಿದರೆ, ‘ಉಣ್ಣಾಕ ಒಲ್ಲೆ ಅಂತೈತ್ರೀ ಸಿಸ್ಟರ್, ಮೂಗು ಹಿಡಿದು ಹಾಕಿದ್ವಿ’ ಎಂಬ ಉತ್ತರ ಬರುತ್ತಿತ್ತು. ಈ ಲೇಖನವನ್ನು ಬರೆಯಲು ಆ ಉತ್ತರವೇ ಕಾರಣ.

ಮೊದಲ ಹಂತ ಆಸ್ಪತ್ರೆಯಲ್ಲಿಯೇ ಮುಗಿಯಬೇಕು. ಬಿಡುಗಡೆಯ ದಿನದ ತೂಕ, ಮರುಭೇಟಿಯ ದಿನಾಂಕ ಮತ್ತು ಔಷಧದ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊರಡುವ ಮುನ್ನ ವಾರ್ಡಿನ ಸಿಸ್ಟರ್ ಎದುರಿಗೇ ಒಮ್ಮೆ ಮಗುವಿಗೆ ಉಣಿಸಿ ತೋರಿಸಿ. ನಳಿಕೆಯೊಂದಿಗೇ ಮನೆಗೆ ಕಳುಹಿಸುವ ಮಗುವಾದರೆ, ಪ್ರತಿ ಬಾರಿಯೂ ನಳಿಕೆ ಜಾಗದಲ್ಲಿದೆಯೇ ಎಂದು ಪರೀಕ್ಷಿಸುವ ಕ್ರಮವನ್ನು ಅವರಿಂದಲೇ ಕಲಿತು, ಅವರ ಕಣ್ಣೆದುರು ಮಾಡಿ ತೋರಿಸದೆ ಹೊರಡಬೇಡಿ. ಮುಂದೆ ಹೇಳುವುದೆಲ್ಲ ಬಾಯಿಯಿಂದ ಉಣ್ಣಲು ವೈದ್ಯರು ಅನುಮತಿ ಕೊಟ್ಟ ಮಕ್ಕಳಿಗೆ ಮಾತ್ರ.

ಎರಡನೆಯದು ಅಡುಗೆ. ಕಾಯಿಲೆಯ ಮಗುವಿಗೆ ತಿಳಿ ಗಂಜಿಯೇ ಹಗುರ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಸುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿ.ಲೀ. ಮಾತ್ರ, ಎಂಟು ಕಿಲೋ ಮಗುವಿನ ಹೊಟ್ಟೆಯನ್ನು ಒಂದು ಲೋಟ ತಿಳಿ ಅಂಬಲಿ ತುಂಬಿಬಿಡುತ್ತದೆ, ಮೈಗೆ ಹತ್ತುವುದು ಅತ್ಯಲ್ಪ. ಚಮಚವನ್ನು ಓರೆ ಮಾಡಿದಾಗ ಸುರಿಯದೆ ನಿಧಾನವಾಗಿ ಜಾರುವ ಹದದ ರಾಗಿ ಸರಿ, ಕೈಯಲ್ಲಿ ನುರಿದ ಬೇಳೆ ಅನ್ನ, ಚೆನ್ನಾಗಿ ಬೆಂದ ಮೊಟ್ಟೆ ಸಾಕು. ಒಂದು ಚಹಾ ಚಮಚ ತುಪ್ಪ ಬೆರೆಸಿದರೆ ಸುಮಾರು 40 ಕ್ಯಾಲೊರಿ ಸೇರುತ್ತದೆ. ಹಿಟ್ಟು ಹೆಚ್ಚು ಹಾಕಿದ ಸರಿ ಗಂಟಲಿಗೆ ಅಂಟುವಂತಾದರೆ ನೀರು ಸುರಿಯಬೇಡಿ. ಅದು ಬೆಚ್ಚಗಾಗುವಷ್ಟು ಆರಿದ ಮೇಲೆ ಅರ್ಧ ಚಮಚ ಮೊಳಕೆ ರಾಗಿಯ ಹಿಟ್ಟು ಬೆರೆಸಿ, ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಕುದಿಸಿ. ಮೊಳಕೆಯಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಸತ್ವ ಕಡಿಮೆಯಾಗದೆಯೇ ಸರಿ ಮೆತ್ತಗಾಗುತ್ತದೆ. ಈ ಕೆಲಸಕ್ಕೆ ಬಳಸುವ ಮೊಳಕೆ ರಾಗಿಯನ್ನು ಕೆಂಪಗೆ ಹುರಿಯಬಾರದು. ಹುರಿದರೆ ಕಿಣ್ವ ಉಳಿಯುವುದಿಲ್ಲ. ಅಂಗಡಿಯ ರಾಗಿ ಮಾಲ್ಟ್ ಡಬ್ಬಿಗಳನ್ನು ನಾನು ಒಪ್ಪುವುದಿಲ್ಲ: ಪದಾರ್ಥಗಳ ಪಟ್ಟಿಯನ್ನು ಓದಿ, ಸಕ್ಕರೆ ಮೊದಲಿಗಿದ್ದರೆ ಅಲ್ಲಿಯೇ ಇಟ್ಟು ಬನ್ನಿ.

ಇನ್ನು ಮೂರನೆಯದು, ಹೆಚ್ಚಿನವರು ಎಡವುವ ಹಂತ: ಉಣಿಸುವುದು.

ಅಜ್ಜಿಯರು ಕಾಲು ಚಾಚಿ, ಮಗುವನ್ನು ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಹುಯ್ಯುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಅನ್ನ ‘ನೆತ್ತಿಗೇರಿತು’ ಎಂದು ನಾವು ತಲೆ ತಟ್ಟುತ್ತೇವೆ. ವಾಸ್ತವದಲ್ಲಿ ಅದು ಇಳಿಯುವುದು ಶ್ವಾಸನಾಳಕ್ಕೆ. ನುಂಗುವ ಗಳಿಗೆಯಲ್ಲಿ ಉಸಿರು ಒಂದು ಕ್ಷಣ ನಿಂತು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಮೂಗು ಹಿಡಿದ ಮಗು ಉಸಿರಿಗಾಗಿ ಬಾಯಿ ತೆರೆಯುತ್ತದೆಯೇ ಹೊರತು ಹಸಿವಿಗಾಗಿ ಅಲ್ಲ; ಆ ಉಸಿರಿನ ಜೊತೆಗೆ ಸರಿಯೂ ಒಳಗೆ ಹೋಗುತ್ತದೆ. ಅಳುತ್ತಿರುವ ಮಗುವಿಗೆ ತುತ್ತಿಡುವುದೂ ಅಷ್ಟೇ ಅಪಾಯಕರ.

ಮಗುವಿನ ಬೆನ್ನು ನೆಟ್ಟಗಿರಲಿ, ತಲೆ ಹಿಂದಕ್ಕೆ ವಾಲದೆ ಗಲ್ಲ ತುಸು ಕೆಳಗಿರಲಿ. ಮನೆಯಲ್ಲಿ ಸಣ್ಣ ಕುರ್ಚಿ ಇಲ್ಲದಿದ್ದರೆ ಗೋಡೆಯ ಮೂಲೆಗೆ ಎರಡು ದಿಂಬು ಇಟ್ಟು ಕೂರಿಸಿ, ನೀವು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ, ನೆಲದ ಮೇಲೆಯೇ ಕುಳಿತುಕೊಳ್ಳಿ. ನಿಂತು ಉಣಿಸಿದರೆ ಚಮಚ ಮೇಲಿನಿಂದ ಬರುತ್ತದೆ, ಮಗು ಕತ್ತು ಎತ್ತುತ್ತದೆ, ಗಂಟಲ ದಾರಿ ತಪ್ಪುತ್ತದೆ. ಚಮಚ ಚಿಕ್ಕದಾಗಿ, ಆಳವಿಲ್ಲದೆ ಇರಬೇಕು. ಸ್ಟೀಲಿನದೇ ಒಳ್ಳೆಯದು ಎಂಬುದು ನನ್ನ ಹಟ. ಅರ್ಧ ಚಮಚವನ್ನು ತುಟಿಯ ಹತ್ತಿರ ತಂದು ನಿಲ್ಲಿಸಿ, ಮಗುವೇ ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದಾಗ ನಾಲಿಗೆಯ ಮುಂಭಾಗದಲ್ಲಿಟ್ಟು, ತುಟಿ ಮುಚ್ಚಿದ ಮೇಲೆ ನೇರವಾಗಿ ಹೊರಗೆಳೆಯಿರಿ, ಮೇಲ್ವಸಡಿಗೆ ಸವರಬೇಡಿ. ಗಂಟಲು ಒಮ್ಮೆ ಮೇಲೆದ್ದು ಇಳಿದದ್ದನ್ನು ಕಣ್ಣಾರೆ ಕಂಡ ನಂತರವೇ ಎರಡನೆಯ ಚಮಚ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ವರ್ಷ ಎರಡು ತಿಂಗಳ ಹುಡುಗಿಯ ಮುಂದೆ ಅವಳ ಅಜ್ಜಿಯನ್ನು ಕೂರಿಸಿ, ನಾನು ಪಕ್ಕದಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದೆ. ಮೊದಲ ಚಮಚವನ್ನು ಹುಡುಗಿ ನಾಲಿಗೆಯಿಂದ ಹೊರದೂಡಿದಳು, ಗಲ್ಲಕ್ಕಿಳಿದ ಸರಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ಆ ಬೆರಳನ್ನು ತಾನೇ ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಅಜ್ಜಿಯ ಕೈ ಎರಡು ಬಾರಿ ಮುಂದೆ ಹೋಯಿತು, ಎರಡು ಬಾರಿಯೂ ನಾನು ಮಣಿಕಟ್ಟು ಹಿಡಿದೆ. ಒಂದೂವರೆ ನಿಮಿಷದ ಮೇಲೆ ಹುಡುಗಿಯೇ ಚಮಚದತ್ತ ಬಾಗಿದಳು. ಆ ಊಟದಲ್ಲಿ ಒಳಗೆ ಹೋದದ್ದು ಏಳು ಚಮಚ. ನಾಲ್ಕನೆಯ ದಿನ ಅರ್ಧ ಬಟ್ಟಲು.

ಒಂದು ಊಟಕ್ಕೆ 20 ನಿಮಿಷ, ಹೆಚ್ಚೆಂದರೆ 30. ಅಷ್ಟರಲ್ಲಿ ಎಷ್ಟೇ ಉಳಿದಿದ್ದರೂ ತಟ್ಟೆ ತೆಗೆಯಿರಿ, ಬೈಯಬೇಡಿ, ಮತ್ತೆ ಎರಡೂವರೆ ಮೂರು ಗಂಟೆಯ ನಂತರ ಕೂರಿಸಿ. ದಿನಕ್ಕೆ ಐದಾರು ಬಾರಿ. ನಡುವೆ ಬಿಸ್ಕತ್ತು, ಚಹಾ ಬೇಡ. ತಾಯಿಯ ಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಕೂಡದು. ಚೇತರಿಕೆಯ ಕಾಲದಲ್ಲಿ, ಕನಿಷ್ಠ ಎರಡು ವಾರ, ಎಂದಿನದಕ್ಕಿಂತ ಒಂದು ಊಟ ಹೆಚ್ಚಿಗೆ ಇರಬೇಕು. ಮೊಬೈಲ್ ತೋರಿಸಿದರೆ ಬಟ್ಟಲು ಬೇಗ ಖಾಲಿಯಾಗುತ್ತದೆ ಎಂಬುದು ನಿಜ, ನನ್ನ ಮೊಮ್ಮಗನಿಗೆ ನಾನೇ ತೋರಿಸಿದ್ದೇನೆ. ಆದರೆ ಪರದೆ ನೋಡುವ ಮಗುವಿಗೆ ಬಾಯಲ್ಲಿ ತುತ್ತಿದೆ ಎಂಬ ಗಮನವಿರುವುದಿಲ್ಲ, ಕೆನ್ನೆಯಲ್ಲಿ ಅನ್ನ ಇಟ್ಟುಕೊಂಡೇ ನಿದ್ದೆ ಹೋಗುತ್ತದೆ. ಒಮ್ಮೆ ಅಂಟಿದ ಆ ಚಟವನ್ನು ಬಿಡಿಸಲು ನಮಗೆ ಆರು ತಿಂಗಳು ಹಿಡಿಯಿತು.

ಕಹಿ ಔಷಧವನ್ನು ಸರಿಯಲ್ಲಿ ಕಲಸುವ ಉಪಾಯವೂ ಬೇಡ. ಮಗು ಔಷಧದ ಜೊತೆಗೆ ಸರಿಯನ್ನೂ ದ್ವೇಷಿಸತೊಡಗುತ್ತದೆ. ಔಷಧದ ಅಂಗಡಿಯವರು ತಾವಾಗಿ ಕೊಡುವ ‘ಹಸಿವಿನ ಟಾನಿಕ್’ ಹಲವು ವೇಳೆ ಮಂಪರು ತರಿಸುವಂಥದ್ದು, ಮಂಪರಿನಲ್ಲಿ ನುಂಗುವುದು ಇನ್ನಷ್ಟು ಅಪಾಯಕರ. ಹಾಲಿನ ಬಾಟಲಿಯ ರಬ್ಬರಿನ ತೂತನ್ನು ಕತ್ತರಿಯಿಂದ ದೊಡ್ಡದು ಮಾಡಿ ಸರಿ ಕುಡಿಸುವವರನ್ನೂ ಕಂಡಿದ್ದೇನೆ. ಬಾಟಲಿಯ ಪ್ರಚಾರವನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ. ತೊಳೆಯಲು ಸುಲಭವಾದ ಬಟ್ಟಲು ಚಮಚ ಮನೆಯಲ್ಲಿರುವಾಗ ಅದರ ಅಗತ್ಯವಾದರೂ ಏನು? ನೋಡಲು ಬರುವ ನೆಂಟರು ಪ್ರೀತಿಯಿಂದ ಕೈಗಿಡುವ ಮಂಡಕ್ಕಿ, ಶೇಂಗಾ, ಹುರಿಗಡಲೆಯನ್ನು ಬಾಗಿಲಲ್ಲೇ ಇಸಿದುಕೊಳ್ಳಿ. ಶೇಂಗಾವನ್ನು ಹುರಿದು ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಬೆರೆಸಬಹುದು, ಇಡೀ ಕಾಳು ಸಲ್ಲದು.

ನಾಲ್ಕನೆಯ ಹಂತ ಚಿಕ್ಕದು: ಉಂಡ ಮೇಲೆ ಅರ್ಧ ಗಂಟೆ ಮಗು ನೆಟ್ಟಗೆ ಕುಳಿತಿರಲಿ ಅಥವಾ ಹೆಗಲ ಮೇಲಿರಲಿ, ಬಾಯಿ ಒರೆಸಿ ಕೆನ್ನೆಯೊಳಗೆ ಉಳಿದಿದೆಯೇ ನೋಡಿ. ನಮ್ಮೂರಿನ ಬಿಸಿಲಿಗೆ ಮಾಡಿಟ್ಟ ಸರಿ ಬೇಗ ಕೆಡುತ್ತದೆ. ಎರಡು ಗಂಟೆ ಮೀರಿದ್ದನ್ನು ಚೆಲ್ಲಿ. ದೃಷ್ಟಿ ತೆಗೆಯುವವರು ತೆಗೆಯಲಿ, ಆದರೆ ಹೊಗೆಯನ್ನು ಮಗುವಿನ ಕೋಣೆಗೆ ತರಬೇಡಿ.

ಉಣ್ಣುವಾಗ ಕೆಮ್ಮು ಬಂದರೆ ನಿಲ್ಲಿಸಿ, ಕೆಮ್ಮಲು ಬಿಡಿ, ಬಾಯೊಳಗೆ ಕುರುಡಾಗಿ ಬೆರಳು ಹಾಕಬೇಡಿ. ಧ್ವನಿಯೇ ಹೊರಡದಿದ್ದರೆ ಮುಖ ಕೆಳಗೆ ಮಾಡಿ ಹಿಡಿದು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಬಲವಾಗಿ ತಟ್ಟುತ್ತಿರುವಾಗಲೇ ಮನೆಯ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರತಿ ಊಟದಲ್ಲೂ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಕಣ್ಣಲ್ಲಿ ನೀರು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿ. ಮಗು ಮಲಗಿರುವಾಗ ಒಂದು ಪೂರ್ಣ ನಿಮಿಷ ಉಸಿರು ಎಣಿಸಿ: ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ಬೆಳಗಾಗಲೆಂದು ಕಾಯಬಾರದು.

ವಾರಕ್ಕೊಮ್ಮೆ ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ಹೆಚ್ಚು ಬಟ್ಟೆಯಿಲ್ಲದೆ ತೂಗಿಸಿ, ತೋಳಿನ ಸುತ್ತಳತೆಯನ್ನೂ ಅಳೆಸಿ. ಆರು ತಿಂಗಳು ದಾಟಿದ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆಯಿದ್ದು ಅಳತೆಪಟ್ಟಿ ಕೆಂಪು ತೋರಿಸಿದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಲು ಕಾರ್ಯಕರ್ತೆಯನ್ನೇ ಕೇಳಿ. ಹಳೆಯ ನೋಟ್‌ಬುಕ್ಕೊಂದರಲ್ಲಿ ಪ್ರತಿ ಊಟದ ಸಮಯ, ಹೋದ ಚಮಚಗಳ ಲೆಕ್ಕ, ಕೆಮ್ಮಿದ್ದು, ವಾಂತಿ, ಮೂತ್ರ, ಇಷ್ಟನ್ನು ಬರೆದಿಟ್ಟು ಮರುಭೇಟಿಗೆ ಒಯ್ಯಿರಿ. ‘ಏನೂ ತಿನ್ನೋದಿಲ್ಲ’ ಎಂಬ ಮಾತಿಗಿಂತ ಆ ಎರಡು ಪುಟಗಳಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ. ತೂಕ ಇಳಿದಿದ್ದರೆ ಮರುಭೇಟಿಯ ದಿನ ನೋಡದೆ ಅಂದೇ ಹೊರಡಿ.