ಮೊಲ್ಲೆಮ್ ಕಾಡಿನ್ಯಾಗ ನಡಿಯೋದ್ ಬಿಟ್ಟು ಕುಂತಾಗ

ಗೋವಾದ ವಾಸ್ಕೋಕ್ಕ ಬಂದು ಹನ್ನೊಂದ್ ವರ್ಷ ಆತು, ಹುಬ್ಬಳ್ಳಿ ಬಸ್ಸು ಪ್ರತಿ ಸಲ ಮೊಲ್ಲೆಮ್ ದಾಟೇ ಅನಮೋಡ ಘಾಟ್ ಹತ್ತೋದು, ನಾ ಮಾತ್ರ ಆ ಹೊತ್ತಿಗೆ ಗೊರಕಿ ಹೊಡೀತಿದ್ದೆ. ಬಗಲಾಗೇ 240 ಚದರ ಕಿಲೋಮೀಟರ್ ಭಗವಾನ್ ಮಹಾವೀರ ಅಭಯಾರಣ್ಯ ಐತಿ ಅನ್ನೋದು ತಲಿಗೆ ಹೋಗಿದ್ದು ಭಾಳ ತಡವಾಗಿ.

ಮೊದಲನೇ ಸಲ ಅಕ್ಟೋಬರದಾಗ ಹೋದೆ, ಅದ ತಪ್ಪು. ಮಳಿ ನಿಂತಿತ್ತು, ಇಂಬಳ ನಿಂತಿರ್ಲಿಲ್ಲ. ಬೂಟಿಗೆ ಉಪ್ಪು ಸವರಿದ್ದೆ, ಒಂದ್ ಹಳ್ಳ ದಾಟೋದ್ರಾಗ ಎಲ್ಲಾ ತೊಳದ್ ಹೋತು. ಏಳೆಂಟ್ ಕಿಲೋಮೀಟರ್ ಬಿರಬಿರ ನಡದು ಕಂಡಿದ್ದೇನು, ಒಂದ್ ಮಂಗ್ಯಾ ಮತ್ತ ಸಾಕ್ಸ್ ತುಂಬ ರಕ್ತ.

ಫೆಬ್ರುವರಿಯಾಗ ಮತ್ತ ಹೋದೆ. ಗೇಟಿನ್ಯಾಗ ಪಾಸ್ ಮಾಡಿಸಿ ಅಲ್ಲಿನ ಊರಿನ ಕಾಕಾ ಒಬ್ಬರನ್ನ ಗೈಡ್ ಅಂತ ಕರಕೊಂಡೆ, ಅವರು ಭಾಳ ನಡಸಲೇ ಇಲ್ರಿ! ಹೋಗ್ತಾ ದಾರಿ ಬದಿಗೆ ಒಂದ್ ಮತ್ತಿ ಮರ ತೋರ್ಸಿದ್ರು, ತೊಗಟಿ ಥೇಟ್ ಮೊಸಳಿ ಬೆನ್ನು, ಹೆಸರು ನಮ್ಮಲ್ಲೂ ಮತ್ತಿ ಗೋವಾದಾಗೂ ಮತ್ತಿ. ಎದಿ ಎತ್ತರಕ್ಕ ನೈಲಾನ್ ಹಗ್ಗ ಸುತ್ತಿ ಗಂಟು ಹಾಕ್ಕೊಂಡೆ, ಮನಿಗೆ ಬಂದು ಟೇಪ್ ಹಿಡದ್ರ ಹನ್ನೊಂದ್ ಅಡಿ ಆತು. ಬುಡದಾಗ ಹಲಗಿಯಂಗ ಬೇರು ಎದ್ದಿರೋ ಮರಕ್ಕ ಈ ಲೆಕ್ಕ ನಡಿಯಂಗಿಲ್ಲ, ಬೇರು ಮುಗಿಯೋ ಜಾಗದ ಮ್ಯಾಲೆ ಅಳೀಬೇಕು, ಏಣಿ ಯಾರು ಹೊತ್ಕೊಂಡ್ ಹೋಗ್ತಾರ.

ಆಮ್ಯಾಲೆ ಹಣ್ಣು ಬಿಟ್ಟ ದೊಡ್ಡ ಅತ್ತಿ ಜಾತಿ ಮರದ ಎದುರಿಗೆ ಕುಂಡ್ರಿಸಿ, ಇನ್ನ ಸುಮ್ನ ಕುಂದ್ರು ಅಂದ್ರು, ಅರ್ಧ ಕೊಂಕಣಿ ಅರ್ಧ ಹಿಂದಿ. ಒಂದ್ ತಾಸು ಏನಿಲ್ಲ, ಕಾಲು ಜೋಮು. ಆಮ್ಯಾಲೆ ನೋಡ್ರಿ, ಮೊದ್ಲು ಕೆಂದಳಿಲು, ಮೈಗಿಂತ ಬಾಲ ಉದ್ದ, ಕೊಂಬಿ ಮ್ಯಾಲೆ ಬೋರಲ ಬಿದ್ದು ತಿನ್ನಾಕತ್ತಿತ್ತು. ಅಷ್ಟ್ರಾಗ ಕ್ಯಾಸಲ್ ರಾಕ್ ಘಾಟ್ ಹತ್ತೋ ರೈಲು ಎಂಜಿನ್ ಉಸರು ಬಿಟ್ಟಂಗ ಸದ್ದು, ಅದು ಮಂಗಟ್ಟಿ ಹಕ್ಕಿ (ಹಾರ್ನ್‌ಬಿಲ್) ರೆಕ್ಕಿ ಬಡಿಯೋದಂತ! ಕೊಕ್ಕಿಗೆ ಕಾಮನಬಿಲ್ಲು ಅಂತ ಹೊಗಳಂಗಿಲ್ಲ, ನೇರ ಹೇಳ್ತೀನಿ, ತಲಿ ಮ್ಯಾಲೆ ಹಳದಿ ಬಾಳಿಹಣ್ಣು ಕಟ್ಟಿಕೊಂಡಂಗ ಇತ್ತು. ಹಣ್ಣು ಒಂದೊಂದ ಗಂಟಲಿಗೆ ತುಂಬಿಕೊಂಡು ಹಾರಿ ಹೋತು.

ಹೆಣ್ಣು ಮಂಗಟ್ಟಿ ಎಲ್ಲೋ ಹಳೇ ದೊಡ್ಡ ಮರದ ಪೊಟರಿಯಾಗ ಬಾಗಿಲ ಮೆತ್ಕೊಂಡು ಮೊಟ್ಟಿ ಮ್ಯಾಲೆ ಕುಂತಿರ್ತದ, ಸಣ್ಣ ಸೀಳಿನ್ಯಾಗಿಂದ ಗಂಡು ಉಣಿಸಬೇಕು. ಗೂಡು ತೋರ್ಸ್ರಿ ಕಾಕಾ ಅಂದೆ. ಒಪ್ಪಲಿಲ್ಲ. ಮಂದಿ ಕೆಳಗ ನಿಂತ್ರ ಗಂಡು ಹತ್ರ ಬರಂಗಿಲ್ಲ, ಒಳಗಿನವ್ರು ಉಪವಾಸ ಅಂದ್ರು. ದುಡ್ಡು ಕೊಟ್ಟು ಬಂದೀನಲ್ಲ ಅಂತ ಆವಾಗ ಸಿಟ್ಟು ಬಂದಿತ್ತು, ದಾರಿ ತುಂಬ ಮಾತಾಡ್ಲಿಲ್ಲ.